ಕಲ್ಲಾದ ದಿಂಬುಗಳು

ಬೆಂಗಳೂರಿನ ಪೂರ್ವಕ್ಕಿರುವ ಗರುಡಾಚಾರ್‌ಪಾಳ್ಯ ಒಂದು ಕಾಲದಲ್ಲಿ ಹಳ್ಳಿ. 2023ರಿಂದ ಅಲ್ಲಿ ಮೆಟ್ರೋ ರೈಲು ಓಡುತ್ತಿದೆ. ಇಂಥ ಬಡಾವಣೆಗಳಲ್ಲಿ ಬೋರ್‌ವೆಲ್ ಕೊರೆಯುವಾಗ ಭೂಮಿಯ ಬಾಯಿಂದ ಬೂದಿಯಂಥ ಪುಡಿ ಭೋರೆಂದು ಮೇಲೇಳುತ್ತದೆ. ನೋಡಲು ನೆರೆದ ಮಕ್ಕಳಲ್ಲಿ ಒಬ್ಬನಾದರೂ, “ಅಪ್ಪಾ, ಇಲ್ಲಿಯೂ ಜ್ವಾಲಾಮುಖಿ ಸಿಡಿಯುತ್ತದೆಯೆ?” ಎಂದು ಕೇಳದಿರನು. ಅವನನ್ನು ಗದರಿಸುವುದಕ್ಕಿಂತ, ರಜೆಯಲ್ಲಿ ಒಮ್ಮೆ ಮರಡಿಹಳ್ಳಿಗೆ ಕರೆದೊಯ್ಯುವುದು ಮೇಲು.

ತುಮಕೂರು, ಶಿರಾ, ಹಿರಿಯೂರುಗಳನ್ನು ದಾಟಿ ಚಿತ್ರದುರ್ಗದತ್ತ ಸಾಗುವ ಹಾದಿಯಲ್ಲಿದೆ ಈ ಊರು. ಇಲ್ಲಿನ ಬಂಡೆಯನ್ನು ಕಂಡವರು ಬೆರಗಾಗುತ್ತಾರೆ. ಮದುವೆಮನೆಯ ಮೂಲೆಯಲ್ಲಿ ರಾಶಿ ಹಾಕಿದ ದಿಂಬುಗಳಂತೆ, ಒಂದರ ಮೇಲೊಂದು ಒರಗಿದ ದುಂಡು ದುಂಡಾದ ಕಲ್ಲುಗಳು! ಇವು ಸುಮಾರು 250 ಕೋಟಿ ವರ್ಷಗಳ ಹಿಂದಿನ ಲಾವಾ.

ಭೂಗರ್ಭದ ಬೇಗೆಯಲ್ಲಿ ಬಂಡೆ ಅಲ್ಲಲ್ಲಿ ಕರಗಿ ಶಿಲಾರಸವಾಗುತ್ತದೆ. ಸುತ್ತಲಿನ ಬಂಡೆಗಿಂತ ಹಗುರವಾದ ಕಾರಣ ಅದು ಮೇಲಕ್ಕೇರುತ್ತದೆ. ಅದರಲ್ಲಿ ನೀರಾವಿಯೇ ಮೊದಲಾದ ಅನಿಲಗಳು ಬೆರೆತಿರುತ್ತವೆ. ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದೊಡನೆ ಏನಾಗುತ್ತದೆ? ಒತ್ತಡ ಇಳಿದು, ನೀರಿನಲ್ಲಿ ಅಡಗಿದ್ದ ಅನಿಲ ಗುಳ್ಳೆಗಟ್ಟಿ ನೊರೆಯೊಡನೆ ನುಗ್ಗುತ್ತದೆ. ಮೇಲೇರುವ ಶಿಲಾರಸದಲ್ಲಿಯೂ ನಡೆಯುವುದು ಇದೇ. ರಸ ತೆಳುವಾಗಿದ್ದರೆ ಗುಳ್ಳೆಗಳು ಸುಲಭವಾಗಿ ಹೊರಬೀಳುತ್ತವೆ. ಲಾವಾ ಹೊಳೆಯಂತೆ ಹರಿಯುತ್ತದೆ. ರಸ ಅಂಟಾಗಿದ್ದರೆ ಗುಳ್ಳೆಗಳು ಸಿಕ್ಕಿಬಿದ್ದು, ಕೊನೆಗೆ ಬೆಟ್ಟವನ್ನೇ ಸೀಳಿಕೊಂಡು ಸಿಡಿಯುತ್ತವೆ.

ಮರಡಿಹಳ್ಳಿಯ ಲಾವಾ ತೆಳುವಾದದ್ದು. ಅದು ಉಕ್ಕಿದ್ದು ನೀರಿನಡಿಯಲ್ಲಿ. ತಣ್ಣೀರು ತಾಕಿದೊಡನೆ ಅದರ ಮೈಮೇಲೆ ಗಟ್ಟಿಯಾದ ಚರ್ಮ ಕಟ್ಟಿತು. ಒಳಗಿನ ರಸ ಆ ಚರ್ಮವನ್ನು ಬಿರಿದು ಹೊರಚಿಮ್ಮಿ ಮತ್ತೊಂದು ದಿಂಬಾಯಿತು. ಇಂದು ಮಳೆಗಾಗಿ ಮುಗಿಲು ನೋಡುವ ಈ ಬಯಲುಸೀಮೆಯಲ್ಲಿ ಅಂದು ನೀರು ತುಂಬಿತ್ತೆಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಹಾಗಾದರೆ ಗರುಡಾಚಾರ್‌ಪಾಳ್ಯದ ಪುಡಿ? ಅದು ಬೂದಿಯಲ್ಲ, ಲಾಲ್‌ಬಾಗಿನ ಬಂಡೆಯ ಬಳಗಕ್ಕೆ ಸೇರಿದ, ಎಂದೋ ತಣ್ಣಗಾದ ನೈಸ್ ಶಿಲೆಯ ಹಿಟ್ಟು. ಭಾರತದಲ್ಲಿ ಇಂದಿಗೂ ಜೀವಂತವಾಗಿರುವ ಜ್ವಾಲಾಮುಖಿ ದೂರದ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಮಗು ನಿಶ್ಚಿಂತೆಯಿಂದ ನಿದ್ರಿಸಬಹುದು.

ಮರಡಿಹಳ್ಳಿಯ ದಿಂಬುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೆನಪಿಗೆಂದು ಒಂದು ಚೂರು ಒಡೆದುಕೊಂಡರೂ ಅದನ್ನು ಮತ್ತೆ ಮಾಡಿಕೊಡಬಲ್ಲ ಶಿಲ್ಪಿ ಇಲ್ಲ. ಮಕ್ಕಳು ಕೈಯಿಂದ ಸವರಿ, ಕಣ್ಣಲ್ಲಿ ತುಂಬಿಕೊಂಡು ಬಂದರೆ ಸಾಕು; ಮುಂದೆ ಅವರ ಮಕ್ಕಳಿಗೂ ಕಲ್ಲು ಅಲ್ಲಿಯೇ ಕಾದಿರುತ್ತದೆ.