ಗವಿಮಠದ ಬಂಡೆಯೂ ಭದ್ರಾವತಿಯ ವಿಶ್ವನಾಥರೂ

ಕೊಪ್ಪಳಕ್ಕೆ ಬಂದವರು ಗವಿಮಠ ನೋಡದೆ ಹೋಗುವುದಿಲ್ಲ. ಆದರೆ ಬೆಟ್ಟ ಹತ್ತಿ ಅಲ್ಲಿರುವ ಅಶೋಕನ ಶಾಸನ ನೋಡುವವರು ಕಡಿಮೆ. ಕಳೆದ ಭಾನುವಾರ ಹತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹತ್ತಿದೆ. ಎಪ್ಪತ್ತು ದಾಟಿದ ಮೊಣಕಾಲು ಎರಡು ಕಡೆ ನನ್ನನ್ನು ಕೂರಿಸಿತು.

ಹುಡುಗ ದಾರಿಯುದ್ದಕ್ಕೂ ಮುಖ ಸಣ್ಣ ಮಾಡಿಕೊಂಡಿದ್ದ. ಕೇಳಿದರೆ, "ಅಜ್ಜಾ, ನಾ ಗಿಡ್ಡ ಅದೀನಂತ ಓಣಿ ಹುಡುಗ್ರು ಟೀಮಿಗೆ ತಗೊಳ್ಳಲಿಲ್ಲ" ಎಂದ.

ನಾನು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ತೋರಿಸಿದೆ. 2200 ವರ್ಷಕ್ಕೂ ಹಳೆಯವು, ಭಾಷೆ ಪ್ರಾಕೃತ. ಅದರಲ್ಲಿರುವ ಒಂದು ಮಾತಿನ ತಾತ್ಪರ್ಯ ಇಷ್ಟು: ಫಲ ದೊಡ್ಡವರಿಗಷ್ಟೇ ಮೀಸಲಲ್ಲ; ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ. "ಅಶೋಕ ಹೇಳಿದ್ದು ಅಂತಸ್ತಿನ ಮಾತು. ಆದ್ರೂ ನಿನಗೂ ಹೊಂದತೈತಿ ನೋಡು" ಎಂದೆ.

ಅಲ್ಲೇ ನೆರಳಿನಲ್ಲಿ ಕುಳಿತು ಜಿ.ಆರ್. ವಿಶ್ವನಾಥರ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರೂ ಗಿಡ್ಡ ಆಳು. 1967ರಲ್ಲಿ ಮೈಸೂರು ತಂಡದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಎದುರು 230 ರನ್. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137! ಆಗೆಲ್ಲ ಆಟವನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಅವರೂ ನನ್ನ ಹಾಗೆ ಬ್ಯಾಂಕ್ ನೌಕರರೇ, ಸ್ಟೇಟ್ ಬ್ಯಾಂಕಿನವರು.

1975ರ ಜನವರಿ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಹೊಸತು. ಕೊಪ್ಪಳವಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಚಹಾದಂಗಡಿಯ ಟ್ರಾನ್ಸಿಸ್ಟರ್ ಸುತ್ತ ಹತ್ತಾರು ಜನ. ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥರದೇ 97, ಅದೂ ಔಟಾಗದೆ. ಕೊನೆಯವರಾಗಿ ಚಂದ್ರಶೇಖರ್ ಔಟಾದಾಗ ನೂರಕ್ಕೆ ಮೂರೇ ರನ್ ಬಾಕಿ. ನಾವೆಲ್ಲ "ಛೇ" ಎಂದೆವು. ಆದರೆ ಆ ಪಂದ್ಯವನ್ನು ಭಾರತ 100 ರನ್ನಿನಿಂದ ಗೆದ್ದಿತು.

1980ರಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟಿಗೆ ಅವರೇ ನಾಯಕ. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡಿತ್ತು. ಆಮೇಲೆ ಅಂಪೈರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆನಿಸಿದ್ದರಿಂದ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್, ಬೋಥಮ್ ಸೇರಿ 171 ಕೂಡಿಸಿದರು; ನಾವು ಸೋತೆವು. "ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ" ಎಂದು ನಾನೂ ಬೈದೆ.

ಮುಂದೊಮ್ಮೆ ಕೌಂಟರಿನಲ್ಲಿ ತಪ್ಪಿ ನೂರು ರೂಪಾಯಿ ಹೆಚ್ಚು ಕೊಟ್ಟುಬಿಟ್ಟೆ. ಸಂಜೆ ಲೆಕ್ಕ ಹೊಂದದೆ ಸಂಬಳದಿಂದ ಕಟ್ಟಿದೆ. ಮರುದಿನ ಯಲಬುರ್ಗಾ ಕಡೆಯ ಮುದುಕಿಯೊಬ್ಬಳು ಬಸ್ಸಿನಲ್ಲಿ ಬಂದು, "ನಂದಲ್ಲದ್ದು ನನಗ್ಯಾಕಪಾ" ಎಂದು ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟಳು. ಅವತ್ತು ನನಗೆ ವಿಶ್ವನಾಥ್ ಅರ್ಥವಾದರು.

91 ಟೆಸ್ಟ್, 6080 ರನ್, 14 ಶತಕ. ಇವೆಲ್ಲ ದಾಖಲೆ ಪುಸ್ತಕದಲ್ಲಿವೆ. ಹಿರಿಯರ ಬಾಯಲ್ಲಿ ಉಳಿದದ್ದು ಆ ಸೋತ ಪಂದ್ಯ.

ಬೆಟ್ಟ ಇಳಿಯುವಾಗ ಕೆಳಗೆ ಹುಡುಗರು ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದರು. ಮೊಮ್ಮಗ ನನ್ನ ಕೈ ಬಿಡಿಸಿಕೊಂಡು ಓಡಿ, "ನಾ ಫೀಲ್ಡಿಂಗ್ ಮಾಡ್ಲಿ?" ಎಂದು ಕೇಳಿದ. ದೂರದ ಗೆರೆಯ ಬಳಿ ನಿಲ್ಲಿಸಿದರು. ಕತ್ತಲಾಗುವವರೆಗೂ ನಾನು ಕಲ್ಲಿನ ಮೇಲೆ ಕುಳಿತು ನೋಡಿದೆ.