ತಾತನ ರೇಸ್ ಬುಕ್ಕು

ನಮ್ಮನೇಲಿ ಕುದುರೆ ಅನ್ನೋ ಪದ ಎತ್ತೋ ಹಾಗಿಲ್ಲ. ಚೆಸ್ ಆಡ್ತಾ ಬಾಯಿತಪ್ಪಿ ಅಂದ್ರೂ ಅಜ್ಜಿ ಮುಖ ಗಂಟು ಹಾಕ್ಕೋತಾಳೆ. ಕೆಂಗೇರಿ ಕಡೆ ನಮ್ಮದೊಂದು ಥರ್ಟಿ ಫಾರ್ಟಿ ಸೈಟಿತ್ತಂತೆ. ರೇಸ್ ಸಾಲ ತೀರಿಸೋಕೆ ತಾತ ಅದನ್ನು ಮಾರಿದ್ದು ನಾನು ಹುಟ್ಟೋ ಮುಂಚೆ. ಇವತ್ತಿಗೂ ವಿಜಯನಗರದ ಬಾಡಿಗೆ ಮನೆಯಲ್ಲೇ ಇದ್ದೀವಿ.

ಐದನೇ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಡೇಟಾ ಹುಡುಕುತ್ತಿದ್ದಾಗ ಅಟ್ಟದ ಮೇಲಿನ ಟ್ರಂಕಲ್ಲಿ ತಾತನ ಹಳೇ ರೇಸ್ ಬುಕ್ಕುಗಳು ಸಿಕ್ಕವು. ಅಂಚಿನ ತುಂಬ ಪೆನ್ಸಿಲ್ ಬರಹ. ಅಜ್ಜಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ತಾತನ ಮುಂದಿಟ್ಟೆ. ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ಕನ್ನಡಕ ಹಾಕ್ಕೊಂಡರು.

ಕುದುರೆಯ ಹಿಂದಿನ ಓಟಗಳ ಸ್ಥಾನ ಸಾಲಾಗಿ ಅಚ್ಚಾಗಿರುತ್ತೆ. ಬ್ರಿಟನ್ನಿನ ಕಾರ್ಡುಗಳಲ್ಲೂ ಹಾಗೇ. ಅಲ್ಲಿ ಬಲತುದಿಯ ಅಂಕಿ ಇತ್ತೀಚಿನದು, ಸೊನ್ನೆ ಇದ್ದರೆ ಮೊದಲ 9ರೊಳಗೆ ಬಂದಿಲ್ಲ ಅಂತ. ನಾನು 1 ಜಾಸ್ತಿ ಇರೋ ಕುದುರೆ ತೋರಿಸಿ "ಇದೇ ಅಲ್ವಾ ಒಳ್ಳೇದು?" ಅಂದೆ.

"ಬರೀ ಅಂಕಿ ನೋಡೋನು ಮಂಗ ಕಣೋ. ಎಷ್ಟು ತೂಕ ಹೊತ್ತು ಓಡ್ತು, ಎಷ್ಟು ದೂರ, ನೆಲ ಹೆಂಗಿತ್ತು, ಜೊತೇಲಿ ಓಡಿದ್ದು ಎಂಥವು, ಕೇಳು."

ಹ್ಯಾಂಡಿಕ್ಯಾಪ್ ಓಟದಲ್ಲಿ ಗೆದ್ದ ಕುದುರೆಯ ರೇಟಿಂಗ್ ಏರುತ್ತೆ, ರೇಟಿಂಗ್ ಏರಿದರೆ ಬೆನ್ನ ಮೇಲಿನ ತೂಕವೂ ಏರುತ್ತೆ. ಬ್ರಿಟನ್ನಿನಲ್ಲಿ ಒಂದು ಅಂಕಕ್ಕೆ ಒಂದು ಪೌಂಡ್. ಚೆನ್ನಾಗಿ ಬರೆದವನಿಗೆ ಮುಂದಿನ ಸಲ ಕಷ್ಟದ ಪೇಪರ್ ಕೊಟ್ಟ ಹಾಗೆ. ಹಾಗಾಗಿ ಮೇಲಿನ ಕ್ಲಾಸಲ್ಲಿ 60 ಕೆ.ಜಿ. ಹೊತ್ತು ನಾಲ್ಕನೇದಾಗಿ ಬಂದದ್ದು, ಕೆಳಗಿನ ಕ್ಲಾಸಲ್ಲಿ ಹಗುರಾಗಿ ಗೆದ್ದದ್ದಕ್ಕಿಂತ ಗಟ್ಟಿ ಇರಬಹುದು. 1200 ಮೀಟರ್‌ನಲ್ಲಿ ಬಾಣದಂತೆ ಹೋದದ್ದು 1800ಕ್ಕೆ ಉಸಿರು ಬಿಡಬಹುದು. ಮಳೆಗಾಲದಲ್ಲಿ ಇನ್ನೊಂದು ತಲೆನೋವು: ನೆಲ ಎಷ್ಟು ಮೆತ್ತಗಿದೆ ಅಂತ ಪೆನೆಟ್ರೋಮೀಟರ್ ಚುಚ್ಚಿ ಅಳೆದಿರ್ತಾರೆ. ತಾತ ಆ ಅಂಕಿಯನ್ನೂ ಪ್ರತಿ ಪುಟದಲ್ಲಿ ಬರೆದಿಟ್ಟಿದ್ದರು. ನಾವು ಲ್ಯಾಬಲ್ಲಿ ಮಾಡೋ ರಿಗ್ರೆಷನ್ನನ್ನು ಈ ಮನುಷ್ಯ ಪೆನ್ಸಿಲ್‌ನಲ್ಲಿ ಮಾಡಿದ್ದರು, ಮಾರ್ರೇ!

ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂದೆ. ತಾತ ನಗಲಿಲ್ಲ.

ಎರಡು ವಾರ ಕೂತು ಎಲ್ಲಾ ಎಕ್ಸೆಲ್‌ಗೆ ಹಾಕಿದೆ. ತಾತ ಗುರುತು ಹಾಕಿದ ಕುದುರೆಗಳು ನಿಜಕ್ಕೂ ಮುಂದೆ ಬಂದಿದ್ದವು. ಆದರೂ ಕೊನೇ ಕಾಲಂ ಮೈನಸ್. ಟೋಟಲ್ಲಿ ಎಲ್ಲರ ದುಡ್ಡೂ ಒಂದೇ ಗುಡ್ಡೆ. ಕ್ಲಬ್ಬು, ಸರ್ಕಾರ ತಮ್ಮ ಪಾಲು ಮೊದಲೇ ತೆಗೀತಾರೆ, ಉಳಿದದ್ದು ಗೆದ್ದವರಿಗೆ. ತಾತ ಕಂಡದ್ದನ್ನು ಗ್ಯಾಲರಿಯ ಅರ್ಧ ಜನವೂ ಕಂಡಿದ್ದರೆ ಬರೋದು ಚಿಲ್ಲರೆ. ಕುದುರೆ ಒಳ್ಳೇದಾ ಅನ್ನೋದು ಒಂದು ಪ್ರಶ್ನೆ, ಜನ ಕಟ್ಟಿದ ಬೆಲೆಗಿಂತ ಒಳ್ಳೇದಾ ಅನ್ನೋದು ಬೇರೆ ಪ್ರಶ್ನೆ. ತಾತ ಮೊದಲನೇದಕ್ಕೇ ಉತ್ತರ ಬರೀತಾ ಹೋಗಿದ್ದರು. ಸೋತ ದಿನ ಡಬಲ್ ಕಟ್ಟಿದ್ದೂ ಅಂಚಲ್ಲೇ ಇತ್ತು.

ಗ್ರಾಫ್ ತೋರಿಸ್ತಿದ್ದಾಗ ಅಜ್ಜಿ ಒಳಗೆ ಬಂದಳು. ಬುಕ್ಕು ಮುಚ್ಚೋಕೂ ಟೈಮ್ ಸಿಗಲಿಲ್ಲ.

"ಏನಂತೆ ಲೆಕ್ಕ?"

"ತಾತಂಗೆ ಕುದುರೆ ಚೆನ್ನಾಗಿ ಗೊತ್ತಿತ್ತು ಅಜ್ಜಿ."

"ಅದು ನಂಗೊತ್ತಿಲ್ವಾ," ಅಂದು ಕೈಗೆ ಪ್ರಸಾದ ಕೊಟ್ಟಳು. ತಾತನಿಗೂ ಕೊಟ್ಟಳು. ಟ್ರಂಕು ಇನ್ನೂ ಹಾಲಲ್ಲೇ ಇದೆ, ಅಟ್ಟಕ್ಕೆ ಹಾಕು ಅಂತ ಯಾರೂ ಹೇಳಿಲ್ಲ.