ಸೀಟು ತುಂಬುವ ಲೆಕ್ಕ

ಹೂವಿನ ಹಿಪ್ಪರಗಿಯಿಂದ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಸೀಟು ಮೊದಲು ತುಂಬುತ್ತದೆ ಅಂತ ನಾವು ಮನೆಯಲ್ಲಿ ಕೂತೇ ಹೇಳಬಹುದು. ಇವತ್ತು ಯಾರು ಎಲ್ಲಿ ಕೂತಿದ್ದಾರೆ ಅಂತ ಹೇಳಲು ಮಾತ್ರ ಬಸ್ ಹತ್ತಿ ನೋಡಬೇಕು. ನ್ಯೂಕ್ಲಿಯೋಸೋಮ್ ಬಗ್ಗೆ ಕಂಪ್ಯೂಟರ್ ಕೊಡುವ ಅಂದಾಜನ್ನೂ ನಾವು ಹೀಗೇ ಓದುತ್ತೇವೆ.

ನಮ್ಮ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಎಳೆ ಇರುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸಾಲು ಅದು. ಹಿಸ್ಟೋನ್ ಎಂಬ 8 ಪ್ರೋಟೀನುಗಳ ಉಂಡೆಗೆ 147 ಅಕ್ಷರದಷ್ಟು ಎಳೆ ಸುತ್ತಿಕೊಂಡರೆ ಒಂದು ನ್ಯೂಕ್ಲಿಯೋಸೋಮ್. ಸುತ್ತಿಕೊಂಡ ಜಾಗವನ್ನು ಓದುವುದು ಕೋಶಕ್ಕೆ ಕಷ್ಟ. ಕೆಲವು ಸಾಲು ಸಲೀಸಾಗಿ ಬಾಗುತ್ತವೆ. ‘ಎ’ಗಳೇ ಒತ್ತಾಗಿ ಬಂದರೆ ಎಳೆ ಸೆಟೆದುಕೊಳ್ಳುತ್ತದೆ. 2006ರಲ್ಲಿ ಎರಾನ್ ಸೆಗಲ್, ಜೊನಾಥನ್ ವಿಡಮ್ ತಂಡ ಇಂಥ ಗುಣ ಹಿಡಿದೇ ಯೀಸ್ಟಿನಲ್ಲಿ ಉಂಡೆಗಳ ಜಾಗ ಲೆಕ್ಕಹಾಕಿತು. ಆಮೇಲೆ ಮನುಷ್ಯರ ಡಿಎನ್‌ಎಗೂ ಆ ಲೆಕ್ಕ ಬಂತು.

ತೊಡಕಿರುವುದು ಇಲ್ಲೇ. ಕಣ್ಣಿಗೂ ಲಿವರಿಗೂ ಡಿಎನ್‌ಎ ಒಂದೇ, ಆದ್ದರಿಂದ ಲೆಕ್ಕದ ಉತ್ತರವೂ ಒಂದೇ. ಉಂಡೆ ಕೂತ ಜಾಗ ಮಾತ್ರ ಬೇರೆ ಬೇರೆ. ಜೀನ್ ಚಾಲೂ-ಬಂದ್ ಮಾಡುವ ಎಷ್ಟೋ ಜಾಗಗಳಲ್ಲಿ ಉಂಡೆ ಇರುತ್ತದೆ ಎಂದು ಲೆಕ್ಕ ಹೇಳುತ್ತದೆ; ಆ ಜಾಗ ಕೆಲಸಕ್ಕೆ ಬೇಕಾದ ಕೋಶ ಉಂಡೆಯನ್ನು ಸರಿಸಿಬಿಟ್ಟಿರುತ್ತದೆ. ಹಾಗಂತ ಲೆಕ್ಕ ಸುಳ್ಳಲ್ಲ, ಅದು ಎಳೆಯ ಒಲವನ್ನಷ್ಟೇ ಹೇಳುತ್ತದೆ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ಎಂ.ಆರ್.ಎಸ್. ರಾವ್ ವೀರ್ಯಾಣು ರೂಪುಗೊಳ್ಳುವಾಗಿನ ಬದಲಾವಣೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಲ್ಲಂತೂ ಹಿಸ್ಟೋನ್ ಬಹುಪಾಲು ಇಳಿದುಹೋಗಿ ಬೇರೆ ಪ್ರೋಟೀನು ಬಂದು ಕೂರುತ್ತದೆ. ಅಕ್ಷರ ಅವೇ, ಬಸ್ಸೇ ಖಾಲಿ!

ಡಿಎನ್‌ಎ ನೋಡಿ ಮುಂದಿನ ರೋಗ ಹೇಳುತ್ತೇವೆ ಎಂಬ ಮೆಸೇಜು ಊರ ಗ್ರೂಪಿಗೆ ಬಂದಾಗ ನಾವು ಕೇಳುವುದಿಷ್ಟೇ: ಯಾವ ಕೋಶ ನೋಡಿದಿರಿ, ಇಲ್ಲಾ ಬರೀ ಲೆಕ್ಕ ಹಾಕಿದಿರೋ?